ಹಳೆಯ ಬೆಂಜ್ ಮತ್ತು ಮನೆಯ ಲೆಕ್ಕ

ಕಾರು ಕೊಳ್ಳುವ ವಿಷಯ ಬಂದಾಗ ನಮ್ಮ ಹೆಚ್ಚಿನ ಮನೆಗಳಲ್ಲಿ ಮಹಿಳೆಯರ ಪಾಲಿಗೆ ಉಳಿಯುವುದು ಬಣ್ಣದ ಆಯ್ಕೆ ಮಾತ್ರ. ಎಂಜಿನ್, ಮೈಲೇಜ್, ಬೆಲೆ ಇವೆಲ್ಲ ಗಂಡಸರ ಮಾತು ಎಂದು ನಾವೇ ಒಪ್ಪಿಕೊಂಡು ಬಿಟ್ಟಿದ್ದೇವೆ. ಆದರೆ ಕಾರಿಗೆ ಸುರಿಯುವ ಹಣ ಬರುವುದು ಎಲ್ಲಿಂದ? ಮಕ್ಕಳ ಫೀಸು, ಹಿರಿಯರ ಔಷಧಿ, ತಿಂಗಳ ದಿನಸಿ ಇವೆಲ್ಲ ಹೊರಡುವ ಅದೇ ಕಪಾಟಿನಿಂದ. ಆದ್ದರಿಂದ ಕಾರಿನ ಮಾತು ನಡೆಯುವಾಗ ಮನೆಯಾಕೆ ಚಹಾ ಕೊಟ್ಟು ಒಳಗೆ ಹೋಗಬೇಕಾಗಿಲ್ಲ. ಕುಳಿತು ಕೇಳಬಹುದು. ಏನು ಕೇಳಬೇಕೆಂದು ತಿಳಿದಿದ್ದರೆ ಇನ್ನೂ ಒಳ್ಳೆಯದು.

ಈ ತಿಂಗಳು ಒಂದು ನಿರ್ದಿಷ್ಟ ಕಾರಿನ ಬಗ್ಗೆ ಬರೆಯುತ್ತಿದ್ದೇನೆ. ಯಾಕೆಂದರೆ ಹರೆಯದ ಹುಡುಗರಲ್ಲಿ ಹಳೆಯ ಜರ್ಮನ್ ಕಾರುಗಳ ಗುಂಗು ಹೆಚ್ಚುತ್ತಿದೆ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, “ಉಮ್ಮಾ, ಹೊಸ ಸಣ್ಣ ಕಾರಿನ ಬೆಲೆಯೂ ಇಲ್ಲ, ಬೆಂಜ್ ಸಿಗುತ್ತದೆ!” ಎಂದು ಮಗ ಹೇಳಿದರೆ ತಾಯಿಗೆ ಏನು ಉತ್ತರಿಸಬೇಕೆಂದು ತೋಚುವುದಿಲ್ಲ. ಬೆಂಜ್ ಎಂದರೆ ಶ್ರೀಮಂತರ ಕಾರು, ಅದು ಅಗ್ಗಕ್ಕೆ ಸಿಗುವುದಾದರೆ ಬೇಡವೆನ್ನುವುದು ಹೇಗೆ ಎಂದು ಅನಿಸುತ್ತದೆ. ಮಗ ಸುಳ್ಳು ಹೇಳುತ್ತಿಲ್ಲ, ಕಾರು ನಿಜಕ್ಕೂ ಅಗ್ಗ. ಅಗ್ಗವಾಗಿರುವುದು ಯಾವುದು, ಅಗ್ಗವಾಗಿಲ್ಲದಿರುವುದು ಯಾವುದು ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು.

ಯಾವುದು ಈ ಕಾರು?

ಮರ್ಸಿಡಿಸ್ ಬೆಂಜ್ ಕಂಪೆನಿ 1984ರ ಕೊನೆಯಲ್ಲಿ ಹೊರತಂದ ಒಂದು ಮಾದರಿಗೆ ಕಂಪೆನಿಯೊಳಗಿನ ಹೆಸರು ಡಬ್ಲ್ಯು 124. ನೋಡಲು ಚೌಕಾಕಾರದ, ಆಡಂಬರವಿಲ್ಲದ ನಾಲ್ಕು ಬಾಗಿಲಿನ ಕಾರು. ಅಂದಿನ ವಿನ್ಯಾಸ ವಿಭಾಗದ ಮುಖ್ಯಸ್ಥ ಬ್ರೂನೊ ಸಾಕ್ಕೊ. ಡಬ್ಬಿಯಂತೆ ಕಂಡರೂ ಗಾಳಿಯನ್ನು ಸೀಳಿ ಸಾಗುವುದರಲ್ಲಿ ಅದು ಆ ಕಾಲದ ಕಾರುಗಳಲ್ಲಿ ಮುಂದಿನ ಸಾಲಿನಲ್ಲಿತ್ತು. ಮುಂದಿನ ಗಾಜಿಗೆ ಒಂದೇ ಒಂದು ವೈಪರ್. ಅದು ಬರೇ ಅತ್ತಿತ್ತ ಸರಿಯುವುದಿಲ್ಲ, ಮೂಲೆಗೆ ಬಂದಾಗ ಕೈ ಚಾಚಿದಂತೆ ಉದ್ದವಾಗಿ ಗಾಜಿನ ಶೇಕಡಾ 86 ಭಾಗವನ್ನು ಒರೆಸುತ್ತದೆ. ಹಿಂದಿನ ಪ್ರತಿ ಚಕ್ರವನ್ನು ಐದು ಸರಳುಗಳು ಹಿಡಿದಿರುವುದರಿಂದ ಹಾಳು ರಸ್ತೆಯಲ್ಲೂ ಕಾರು ನೆಲ ಬಿಡದೆ ಓಡುತ್ತದೆ. ಜರ್ಮನಿಯಲ್ಲಿ ಟ್ಯಾಕ್ಸಿ ಚಾಲಕನೂ ಇದನ್ನೇ ಓಡಿಸಿದ, ಕಾರ್ಖಾನೆಯ ಮಾಲೀಕನೂ ಇದರಲ್ಲೇ ಕುಳಿತ. ಸುಮಾರು ಹತ್ತು ವರ್ಷಗಳಲ್ಲಿ ಎಲ್ಲ ರೂಪಗಳೂ ಸೇರಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. 1993ರಲ್ಲಿ ಇದಕ್ಕೆ ‘ಇ ಕ್ಲಾಸ್’ ಎಂಬ ಹೆಸರು ಬಂತು.

ಇದೇ ಮೈಕಟ್ಟಿನಲ್ಲಿ ಶಾಂತ ಸ್ವಭಾವದ ಡೀಸೆಲ್ ಕಾರೂ ಇತ್ತು, ಗಂಟೆಗೆ 200 ಕಿಲೋಮೀಟರ್ ದಾಟಿ ಓಡುವ ಪೆಟ್ರೋಲ್ ಕಾರೂ ಇತ್ತು. ಆರು ಸಿಲಿಂಡರಿನ 300 ಇ ಮತ್ತು ಅದರ ನಂತರದ ಇ 320 ಕುಟುಂಬದ ಕಾರಿನ ವೇಷದಲ್ಲಿದ್ದ ವೇಗದ ಕಾರುಗಳು. ಇ 320ರ ಎಂಜಿನಿನ ಶಕ್ತಿ 220 ಅಶ್ವಶಕ್ತಿ. ಇಂದಿಗೂ ಅದು ಸಣ್ಣ ಸಂಖ್ಯೆಯಲ್ಲ.

ಎಲ್ಲಕ್ಕಿಂತ ಮೇಲಿನದು 500 ಇ. 1990ರಲ್ಲಿ ಪ್ಯಾರಿಸಿನ ವಾಹನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಇದರ ಕಥೆ ಸ್ವಾರಸ್ಯಕರ. ಎಂಟು ಸಿಲಿಂಡರಿನ ಐದು ಲೀಟರ್ ಎಂಜಿನ್ ಮತ್ತು ಅಗಲವಾದ ಚಕ್ರಗಳನ್ನು ಹೊರಲು ಕಾರಿನ ಮೈಯನ್ನು ಹಿಗ್ಗಿಸಬೇಕಾಯಿತು. ಹಿಗ್ಗಿದ ಮೈ ಸಿಂಡೆಲ್‌ಫಿಂಗನ್‌ನಲ್ಲಿದ್ದ ಬೆಂಜ್ ಕಾರ್ಖಾನೆಯ ಸಾಲಿನಲ್ಲಿ ಹಿಡಿಸಲಿಲ್ಲ. ಆಗ ಅದೇ ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಪೋರ್ಷೆ ಕಂಪೆನಿ ಕೆಲಸ ಕಡಿಮೆಯಾಗಿ ಕಷ್ಟದಲ್ಲಿತ್ತು. ಕಾರನ್ನು ರೂಪಿಸುವ ಮತ್ತು ಜೋಡಿಸುವ ಕೆಲಸವನ್ನು ಬೆಂಜ್ ಪೋರ್ಷೆಗೆ ಕೊಟ್ಟಿತು. ಮೈ ಪೋರ್ಷೆಯಲ್ಲಿ, ಬಣ್ಣ ಬೆಂಜಿನಲ್ಲಿ, ಜೋಡಣೆ ಮತ್ತೆ ಪೋರ್ಷೆಯಲ್ಲಿ, ಕೊನೆಯ ತಪಾಸಣೆ ಮತ್ತೆ ಬೆಂಜಿನಲ್ಲಿ. ಹೀಗೆ ಎರಡು ಕಾರ್ಖಾನೆಗಳ ನಡುವೆ ಓಡಾಡಿ ಒಂದು ಕಾರು ಸಿದ್ಧವಾಗಲು 18 ದಿನ ಹಿಡಿಯುತ್ತಿತ್ತು. 1995ರವರೆಗೆ ತಯಾರಾದದ್ದು ಕೇವಲ 10,479. ವೇಗವನ್ನು ಗಂಟೆಗೆ 250 ಕಿಲೋಮೀಟರಿಗೆ ಕಂಪೆನಿಯೇ ತಡೆಹಿಡಿದಿತ್ತು. ಇಷ್ಟೆಲ್ಲ ಇದ್ದರೂ ಅದರಲ್ಲಿ ಕೂರಬಹುದಾದವರು ನಾಲ್ವರು ಮಾತ್ರ. ಹಿಂದಿನ ಸೀಟಿನಲ್ಲಿ ಮೂರನೆಯವರಿಗೆ ಜಾಗವಿಲ್ಲ. ಸ್ಟಿಯರಿಂಗ್ ಎಡಗಡೆಗೆ. ನಮ್ಮ ದೇಶದಲ್ಲಿ ಇದು ಮಾರಾಟಕ್ಕೆ ಬರಲಿಲ್ಲ. ಸಂಗ್ರಾಹಕರ ಕಣ್ಣಿಗೆ ಬಿದ್ದು ಇಂದು ವಿದೇಶಗಳಲ್ಲೂ ಅಗ್ಗದ ಸಾಲಿನಲ್ಲಿ ಉಳಿದಿಲ್ಲ.

ಅಗ್ಗದಲ್ಲಿ ಉಳಿದಿರುವವು ಅದರ ತಮ್ಮಂದಿರು. ವಿದೇಶಗಳಲ್ಲಿ 300 ಇ ಮತ್ತು ಇ 320, ನಮ್ಮಲ್ಲಿ ಇ 220. 1994ರಲ್ಲಿ ಬೆಂಜ್ ಕಂಪೆನಿ ಟೆಲ್ಕೋದೊಂದಿಗೆ ಸೇರಿ ಭಾರತಕ್ಕೆ ಬಂತು. ಮರುವರ್ಷ ಪುಣೆಯಲ್ಲಿ ಜೋಡಿಸಿ ಹೊರಬಿಟ್ಟ ಮೊದಲ ಕಾರು ಇದೇ ಡಬ್ಲ್ಯು 124. ಇ 220ರದ್ದು ನಾಲ್ಕು ಸಿಲಿಂಡರ್, 150 ಅಶ್ವಶಕ್ತಿ. ಅಣ್ಣಂದಿರಷ್ಟು ಜೋರಿಲ್ಲದಿದ್ದರೂ ಮೈಕಟ್ಟು, ಸೀಟು, ಬಾಗಿಲು ಮುಚ್ಚುವ ಸದ್ದು ಎಲ್ಲವೂ ಅದೇ. ಗಲ್ಫಿನಲ್ಲಿ ದುಡಿದ ನಮ್ಮವರು ಅಲ್ಲಿಯ ರಸ್ತೆಗಳಲ್ಲಿ ಆರು ಸಿಲಿಂಡರಿನದ್ದನ್ನು ನೋಡಿ ಆಸೆ ಪಟ್ಟಿರಬಹುದು. ಆದರೆ ಅಲ್ಲಿಂದ ತರುವ ಯೋಚನೆ ಬೇಡ. ಐವತ್ತು ವರ್ಷ ದಾಟಿದ ವಿಂಟೇಜ್ ಕಾರುಗಳ ಮಾತು ಬೇರೆ, ಉಳಿದಂತೆ ಮೂರು ವರ್ಷಕ್ಕಿಂತ ಹಳೆಯ ಬಳಸಿದ ಕಾರನ್ನು ನಮ್ಮ ಆಮದು ನಿಯಮ ಒಳಗೆ ಬಿಡುವುದಿಲ್ಲ. ಇಲ್ಲಿ ಈಗಾಗಲೇ ಇರುವುದರಲ್ಲೇ ಆರಿಸಬೇಕು.

ಬೆಲೆ ಇಳಿಯಿತು, ಖರ್ಚು ಇಳಿಯಲಿಲ್ಲ

ಇಲ್ಲಿಯೇ ನಿಜವಾದ ವಿಷಯ ಇರುವುದು. ಕಾರಿಗೆ ವಯಸ್ಸಾದಂತೆ ಅದರ ಬೆಲೆ ಇಳಿಯುತ್ತದೆ. ಆದರೆ ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಬೆಂಜಿನ ಬಿಡಿಭಾಗ ಮೂವತ್ತು ವರ್ಷದ ನಂತರವೂ ಬೆಂಜಿನ ಬಿಡಿಭಾಗವೇ. ಆನೆಯನ್ನು ಯಾರೋ ಅಗ್ಗಕ್ಕೆ ಕೊಟ್ಟರೆಂದು ಅದು ತಿನ್ನುವ ಸೊಪ್ಪು ಕಡಿಮೆಯಾಗುವುದಿಲ್ಲವಲ್ಲ!

ಒಂದು ಸಣ್ಣ ಉದಾಹರಣೆ ನೋಡಿ. ನಮ್ಮ ಸಾಮಾನ್ಯ ಸಣ್ಣ ಕಾರಿಗೆ ಎಂಜಿನ್ ಆಯಿಲ್ ಬದಲಿಸಲು ಮೂರು-ಮೂರೂವರೆ ಲೀಟರ್ ಸಾಕು. ಇ 320ಕ್ಕೆ ಏಳೂವರೆ ಲೀಟರ್ ಬೇಕು. ಪೇಟೆಯ ಓಡಾಟದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಏಳು ಕಿಲೋಮೀಟರ್ ಓಡಿದರೆ ದೊಡ್ಡದು. ಏ.ಸಿ.ಯ ತಂಪು ಮಾಡುವ ಪೆಟ್ಟಿಗೆ ಸೋರಿದರೆ ಅದನ್ನು ಬದಲಿಸಲು ಮುಂದಿನ ಡ್ಯಾಶ್‌ಬೋರ್ಡನ್ನೇ ಪೂರ್ತಿ ಕಳಚಬೇಕು. ಸಾಮಾನು ಸಣ್ಣದು, ಕೂಲಿ ದೊಡ್ಡದು. ಈ ಕಾರಿನ ಕೆಲಸ ಬಲ್ಲ ಮೆಕ್ಯಾನಿಕ್ ಎಲ್ಲ ಊರಲ್ಲೂ ಸಿಗುವುದಿಲ್ಲ. ಸಿಕ್ಕ ಕಡೆಗೆ ಕಾರನ್ನು ಎಳೆದುಕೊಂಡು ಹೋಗುವ ಖರ್ಚು ಬೇರೆ.

ಹೀಗಾಗಿ ಹಳೆಯ ಬೆಂಜ್ ಕೊಳ್ಳುವವನು ನಿಜವಾಗಿ ಕೊಳ್ಳುವುದು ಕಾರನ್ನಲ್ಲ, ಅದರ ಹಿಂದಿನ ಮಾಲೀಕನ ಶ್ರದ್ಧೆಯನ್ನು. ಆತ ಸಮಯಕ್ಕೆ ಸರಿಯಾಗಿ ಖರ್ಚು ಮಾಡಿದ್ದರೆ ಅದರ ಫಲ ನಿಮಗೆ. ಆತ ಉಳಿಸಿದ್ದರೆ ಅದರ ಬಿಲ್ಲು ನಿಮಗೆ. ಸಾಲಿನಲ್ಲಿ ಅತಿ ಅಗ್ಗದ್ದೇ ಅತಿ ದುಬಾರಿಯಾಗುವುದು ಹೀಗೆ. ಎರಡು ಕಾರುಗಳಿದ್ದು ಒಂದಕ್ಕೆ ಒಂದು ಲಕ್ಷ ಹೆಚ್ಚು ಕೇಳಿದರೂ ಅದರ ಜೊತೆ ಹತ್ತು ವರ್ಷದ ದುರಸ್ತಿ ರಸೀದಿಗಳಿದ್ದರೆ ಅದನ್ನೇ ಆರಿಸುವುದು ಲಾಭ.

ನೋಡಲು ಹೋಗುವಾಗ

ಕಾರು ನೋಡಲು ಮನೆಯವರೊಂದಿಗೆ ನೀವೂ ಹೋಗಿ. ಎಂಜಿನಿನ ಜ್ಞಾನ ಬೇಕಿಲ್ಲ. ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವ ಕಣ್ಣು ಸಾಕು.

ಮೊದಲನೆಯದಾಗಿ, ಬೆಳಿಗ್ಗೆ ಹೋಗಿ. ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಅದನ್ನು ಓಡಿಸಿ ಸಿದ್ಧ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆ ಎಂಬುದರಲ್ಲೇ ಅದರ ಆರೋಗ್ಯ ಗೊತ್ತಾಗುತ್ತದೆ.

ಎರಡನೆಯದು ತುಕ್ಕು. 1989ರ ನಂತರದ ಕಾರುಗಳಲ್ಲಿ ಬಾಗಿಲಿನ ಕೆಳಭಾಗಕ್ಕೆ ಪ್ಲಾಸ್ಟಿಕ್ ಹಲಗೆಗಳಿವೆ. ಅವು ನೋಡಲು ಚೆಂದ, ಆದರೆ ಅವುಗಳ ಹಿಂದೆ ತುಕ್ಕು ಅಡಗಿರುತ್ತದೆ. ಜಾಕ್ ಕೊಡುವ ಜಾಗ ಮತ್ತು ಮುಂದಿನ ಚಕ್ರದ ಮೇಲಿನ ತಗಡನ್ನೂ ನೋಡಿ. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಕಾರಾದರೆ ಎರಡು ಪಟ್ಟು ಎಚ್ಚರ ಬೇಕು. ಎಂಜಿನನ್ನು ಸರಿಪಡಿಸಬಹುದು, ತುಕ್ಕು ತಿಂದ ಮೈಯನ್ನು ಸರಿಪಡಿಸುವುದಕ್ಕೆ ಕೊನೆಯಿಲ್ಲ.

ಮೂರನೆಯದು ಈ ಕಾರಿನದ್ದೇ ಒಂದು ಪ್ರಸಿದ್ಧ ದೋಷ. ಮುಖ್ಯವಾಗಿ 1992ರಿಂದ 1995ರವರೆಗಿನ ಕಾರುಗಳ ಎಂಜಿನ್ ವಯರುಗಳಿಗೆ ಹಾಕಿದ್ದ ಹೊದಿಕೆ ಕಾಲಕ್ರಮೇಣ ತಾನೇ ಕರಗುವಂತಹ ವಸ್ತುವಿನದ್ದು. ಎಂಜಿನಿನ ಬಿಸಿಗೆ ಅದು ಒಣಗಿದ ಈರುಳ್ಳಿ ಸಿಪ್ಪೆಯಂತೆ ಉದುರುತ್ತದೆ. ಆಗ ವಯರಿಗೆ ವಯರು ತಾಗಿ ಕಾರು ಎಲ್ಲೆಂದರಲ್ಲಿ ನಿಲ್ಲುತ್ತದೆ. ಪುಣೆಯ ಕಾರುಗಳು ಇದೇ ಕಾಲದವು. “ಎಂಜಿನ್ ವಯರಿಂಗ್ ಬದಲಿಸಿದ್ದೀರಾ? ರಸೀದಿ ಇದೆಯಾ?” ಎಂದು ನೀವು ಕೇಳಿದರೆ ಮಾರುವವರು ಒಮ್ಮೆ ನಿಮ್ಮ ಮುಖ ನೋಡುತ್ತಾರೆ. ಅಂದಿನಿಂದ ಬೆಲೆಯ ಮಾತು ಸ್ವಲ್ಪ ಮೆತ್ತಗಾಗುತ್ತದೆ.

ನಾಲ್ಕನೆಯದು ಆಯಿಲ್ ಹಾಕುವ ಮುಚ್ಚಳ. ತೆರೆದು ನೋಡಿ. ಒಳಗೆ ಹಾಲಿನ ಕೆನೆಯಂತಹ ಪದಾರ್ಥ ಅಂಟಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು. ಆರು ಸಿಲಿಂಡರಿನ ಎಂಜಿನುಗಳಲ್ಲಿ ಹೆಡ್ ಗ್ಯಾಸ್ಕೆಟ್ ಸೋರುವುದು ಸಾಮಾನ್ಯ. ಕೈಯಗಲದ ಈ ಪರೀಕ್ಷೆ ದೊಡ್ಡ ಮೊತ್ತ ಉಳಿಸುತ್ತದೆ.

ಐದನೆಯದು ಗೇರು. ಆಟೋಮ್ಯಾಟಿಕ್ ಆದರೆ ರಿವರ್ಸಿಗೆ ಹಾಕಿದೊಡನೆ ಕಾರು ಹಿಂದಕ್ಕೆ ಎಳೆಯಬೇಕು. ಯೋಚಿಸಿ, ತಡವಾಗಿ, ಧಡಕ್ಕನೆ ಹೊರಟರೆ ಗೇರ್‌ಬಾಕ್ಸ್ ದಣಿದಿದೆ.

ಆರನೆಯದು ಟಯರು. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1218 ಎಂದಿದ್ದರೆ 2018ರ ಹನ್ನೆರಡನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಕಾರಿನ ಟಯರು ಸವೆಯದೆ ಹೊಸದರಂತೆ ಕಾಣುತ್ತದೆ, ಆದರೆ ರಬ್ಬರ್ ಒಳಗೊಳಗೇ ಗಟ್ಟಿಯಾಗಿರುತ್ತದೆ.

ಇಷ್ಟಾದ ಮೇಲೆ ಮಾರುವವರ ಪರಿಚಯವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಕೂಲಿ ಕೊಟ್ಟು ಕಾರನ್ನು ಮೇಲೆತ್ತಿಸಿ ತೋರಿಸಿ. ಎಂಜಿನ್ ಮತ್ತು ಚಾಸಿ ನಂಬರನ್ನು ಆರ್.ಸಿ.ಯೊಂದಿಗೆ ತಾಳೆ ನೋಡಿ. ಇದಕ್ಕೆ ಒಪ್ಪದ ಮಾರಾಟಗಾರರಿಗೆ ಸಲಾಂ ಹೇಳಿ ಹೊರಟು ಬಿಡುವುದು ಉತ್ತಮ.

ಕಾಗದ ಮತ್ತು ಪೆಟ್ರೋಲ್

ಜರ್ಮನಿಯಲ್ಲಿ ಮೂವತ್ತು ವರ್ಷ ತುಂಬಿದ, ಮೂಲ ಸ್ಥಿತಿಯಲ್ಲಿ ಚೆನ್ನಾಗಿ ಕಾಪಾಡಿದ ಕಾರಿನ ನಂಬರಿನ ಕೊನೆಗೆ ‘ಎಚ್’ ಎಂಬ ಅಕ್ಷರ ಸಿಗುತ್ತದೆ. ಐತಿಹಾಸಿಕ ವಾಹನ ಎಂಬುದಕ್ಕೆ ಅದು ಗುರುತು. ಎಂಜಿನ್ ಎಷ್ಟು ದೊಡ್ಡದಿದ್ದರೂ ವರ್ಷದ ತೆರಿಗೆ 191.73 ಯೂರೋ ಮಾತ್ರ. ಆದರೆ ಎರಡು ವರ್ಷಕ್ಕೊಮ್ಮೆ ತಪಾಸಣೆಯಲ್ಲಿ ಪಾಸಾಗಲೇಬೇಕು. 1995ರಲ್ಲಿ ತಯಾರಾದ ಕೊನೆಯ ಸೆಡಾನುಗಳಿಗೂ 2025ರಲ್ಲಿ ಈ ವಯಸ್ಸು ತುಂಬಿತು. ಕಾಪಾಡಿದವನಿಗೆ ರಿಯಾಯಿತಿ, ಕೆಡಿಸಿದವನಿಗೆ ಇಲ್ಲ ಎಂಬ ಈ ಕ್ರಮ ಮೆಚ್ಚತಕ್ಕದ್ದು.

ನಮ್ಮಲ್ಲಿ ದಾರಿ ಬೇರೆ. ವಿಂಟೇಜ್ ಎಂಬ ಮಾನ್ಯತೆಗೆ ಐವತ್ತು ವರ್ಷ ಆಗಬೇಕು, ಈ ಕಾರಿಗೆ ಅದಿನ್ನೂ ದೂರ. ಹದಿನೈದು ವರ್ಷ ದಾಟಿದ ಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸುತ್ತಾ ಹೋಗಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ, ಆಮದು ಕಾರುಗಳದ್ದನ್ನು 80,000 ರೂಪಾಯಿಗೆ ಏರಿಸಿತು. ಆದ್ದರಿಂದ ಪುಣೆಯಲ್ಲಿ ಜೋಡಿಸಿದ್ದೋ, ಹೊರಗಿನಿಂದ ಬಂದದ್ದೋ ಎಂಬುದನ್ನು ಆರ್.ಸಿ.ಯಲ್ಲಿ ಮೊದಲೇ ನೋಡಿಕೊಳ್ಳಿ. ನೋಂದಣಿಯ ಅವಧಿ ಮುಗಿಯುವ ಹೊತ್ತಿಗೆ ಮಾರಲು ತಂದ ಕಾರೂ ಇರುತ್ತದೆ.

ಪೆಟ್ರೋಲಿನದ್ದೂ ಒಂದು ಮಾತಿದೆ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್. ಮೂವತ್ತು ವರ್ಷದ ಹಿಂದಿನ ರಬ್ಬರ್ ಪೈಪುಗಳನ್ನು ಇದಕ್ಕಾಗಿ ಮಾಡಿದ್ದಲ್ಲ. ಕಾರು ಮನೆಗೆ ಬಂದೊಡನೆ ಪೆಟ್ರೋಲ್ ಪೈಪುಗಳನ್ನು ಬದಲಿಸುವುದು ಕ್ಷೇಮ. ಬಿಸಿ ಎಂಜಿನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆಂದು ಅಡುಗೆಮನೆಯಲ್ಲಿ ಗ್ಯಾಸ್ ಪೈಪ್ ನೋಡಿಕೊಳ್ಳುವ ನಿಮಗೆ ಹೇಳಬೇಕಾಗಿಲ್ಲ.

ಹಣಕ್ಕಿಂತ ದೊಡ್ಡ ಮಾತು

ಇಷ್ಟು ಹೊತ್ತು ಹೇಳಿದ್ದು ಹಣದ ಮಾತು. ತಾಯಂದಿರು ಇನ್ನೊಂದನ್ನೂ ತಿಳಿದಿರಬೇಕು. ಈ ಕಾರುಗಳು ಆ ಕಾಲಕ್ಕೆ ಜಗತ್ತಿನ ಅತ್ಯಂತ ಸುರಕ್ಷಿತ ಕಾರುಗಳ ಸಾಲಿನಲ್ಲಿದ್ದವು. ಆದರೆ ಕಾಲ ಮುಂದೆ ಹೋಗಿದೆ. ಕಾರು ಜಾರಲು ಹೊರಟಾಗ ತಾನಾಗಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವ ಇಎಸ್‌ಪಿ ಎಂಬ ವ್ಯವಸ್ಥೆ ಇವುಗಳಲ್ಲಿ ಇಲ್ಲ. ಮಕ್ಕಳ ಸೀಟನ್ನು ಗಟ್ಟಿಯಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆಗಳೂ ಇಲ್ಲ. ಎಂಜಿನಿನ ಬಲವೆಲ್ಲ ಹೋಗುವುದು ಹಿಂದಿನ ಚಕ್ರಗಳಿಗೆ. ಇಪ್ಪತ್ತರ ಹುಡುಗ, 200 ಅಶ್ವಶಕ್ತಿ, ಗಟ್ಟಿಯಾದ ಹಳೆಯ ಟಯರು, ಆಷಾಢದ ಮಳೆಯಲ್ಲಿ ಶಿರಾಡಿ ಘಾಟಿಯ ತಿರುವು. ಇವು ನಾಲ್ಕೂ ಒಂದಾದರೆ ಯಾವ ಹೆಸರಿನ ಕಾರೂ ಕಾಪಾಡಲಾರದು. ಕೀಲಿಕೈ ಯಾರ ಬಳಿ ಇರಬೇಕು, ಯಾವ ರಸ್ತೆಗೆ, ಯಾವ ಹೊತ್ತಿಗೆ ಎಂಬುದನ್ನು ಕಾರು ಬರುವ ಮೊದಲೇ ಮನೆಯಲ್ಲಿ ಮಾತಾಡಿ ನಿರ್ಧರಿಸಬೇಕು. ಬಂದ ಮೇಲೆ ಮಾತಾಡಿದರೆ ಅದು ಜಗಳವಾಗುತ್ತದೆ.

ಮನೆಯ ಪುಸ್ತಕದಲ್ಲಿ ಬರೆಯಿರಿ

ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ಕಾರಿನ ಬೆಲೆ. ಎರಡನೆಯದರಲ್ಲಿ ಮೊದಲ ವರ್ಷದ ದುರಸ್ತಿ: ಟಯರು, ಪೈಪುಗಳು, ಆಯಿಲ್, ಬ್ರೇಕ್, ಕಾರಿನಡಿಯ ರಬ್ಬರ್ ಬುಶ್‌ಗಳು, ವಯರಿಂಗ್. ಮೂರನೆಯದರಲ್ಲಿ ಪ್ರತಿ ವರ್ಷದ್ದು: ವಿಮೆ, ಪೆಟ್ರೋಲ್, ಸರ್ವಿಸ್. ಕೈಯಲ್ಲಿರುವ ಹಣವೆಲ್ಲ ಮೊದಲ ಸಾಲಿಗೇ ಮುಗಿದರೆ ಆ ಕಾರು ನಿಮ್ಮದಲ್ಲ. ಕನಿಷ್ಠ ಮೂರನೇ ಒಂದು ಪಾಲನ್ನಾದರೂ ಎರಡನೇ ಸಾಲಿಗೆ ತೆಗೆದಿಡಬೇಕು. ಅದಕ್ಕಾಗಿ ಕಡಿಮೆ ಬೆಲೆಯ ಕಾರು ಹುಡುಕಬೇಡಿ, ಇನ್ನೂ ಆರು ತಿಂಗಳು ಕಾಯಿರಿ.

ಮತ್ತೊಂದು ನಿಯಮವನ್ನು ಬಿಡಬೇಡಿ. ಇದು ಮನೆಯ ಏಕೈಕ ಕಾರಾಗಬಾರದು. ಒಂದು ಬಿಡಿಭಾಗಕ್ಕಾಗಿ ಇದು ಮೂರು ವಾರ ಗ್ಯಾರೇಜಿನಲ್ಲಿ ನಿಲ್ಲಬಹುದು. ಶಾಲೆಗೆ, ಆಸ್ಪತ್ರೆಗೆ, ರಾತ್ರಿಯ ಹೆರಿಗೆ ನೋವಿಗೆ ನಂಬಬೇಕಾದದ್ದು ಕೀಲಿಕೈ ತಿರುಗಿಸಿದರೆ ಹೊರಡುವ ಸಾಧಾರಣ ಕಾರನ್ನು. ಮನೆಯ ಚಿನ್ನ ಅಡವಿಟ್ಟು, ಮಗಳ ಓದಿಗೆ ಇಟ್ಟದ್ದನ್ನು ತೆಗೆದು ಕೊಳ್ಳುವ ವಸ್ತುವಂತೂ ಇದು ಅಲ್ಲವೇ ಅಲ್ಲ.

ಹಾಗಾದರೆ ಬೇಡವೆಂದೇ ಹೇಳಬೇಕೇ? ಹಾಗೇನಿಲ್ಲ. ಮೂರೂ ಸಾಲು ತುಂಬುವ ಮನೆಯಲ್ಲಿ ಇದು ಸಂತೋಷ ಕೊಡುವ ವಸ್ತು. ಇದನ್ನು ಮಾಡಿದವರು ಬೇಗ ಎಸೆಯಲಿ ಎಂದು ಮಾಡಿದವರಲ್ಲ. ಎಂಜಿನಿನಲ್ಲಿ ಆಗಾಗ ಬದಲಿಸಬೇಕಾದ ಬೆಲ್ಟ್ ಬದಲು ಬಾಳಿಕೆಯ ಟೈಮಿಂಗ್ ಚೈನ್ ಹಾಕಿದರು. ಹಳೆಯ ಕಾರುಗಳಿಗಾಗಿಯೇ ಕಂಪೆನಿ 1993ರಲ್ಲಿ ಜರ್ಮನಿಯ ಫೆಲ್‌ಬಾಖ್‌ನಲ್ಲಿ ಒಂದು ಕೇಂದ್ರ ತೆರೆಯಿತು. ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಕೆಟ್ಟದ್ದನ್ನು ಎಸೆಯದೆ ಬಿಚ್ಚಿ, ಒರೆಸಿ, ಸರಿಪಡಿಸಿ ಮತ್ತೆ ಜೋಡಿಸಬಹುದಾದ ಯಂತ್ರ ಇದು. ಭಾನುವಾರದ ಬೆಳಿಗ್ಗೆ ತಂದೆ-ಮಗ ಸೇರಿ ಅದರ ಕೆಲಸ ಮಾಡುತ್ತಿದ್ದರೆ, ಮೊಬೈಲ್ ಹಿಡಿದು ಮೂಲೆಗೊಬ್ಬರು ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಮಗ ಚಿತ್ರ ತೋರಿಸಿದಾಗ ಗದರಬೇಡಿ. “ವಯರಿಂಗ್ ರಸೀದಿ ಇದೆಯಾ? ಎರಡನೇ ಸಾಲಿಗೆ ಎಷ್ಟು ಇಟ್ಟಿದ್ದಿ? ಮಳೆಗಾಲದಲ್ಲಿ ಓಡಿಸುವವರು ಯಾರು?” ಎಂದು ಮೂರು ಪ್ರಶ್ನೆ ಕೇಳಿ. ಉತ್ತರ ತರಲು ಅವನಿಗೆ ಸಮಯ ಕೊಡಿ. ಮೂರಕ್ಕೂ ಸರಿಯಾದ ಉತ್ತರ ತಂದನೆಂದರೆ ಕಾರಿನೊಂದಿಗೆ ಜವಾಬ್ದಾರಿಯನ್ನೂ ಹೊರಲು ಆತ ತಯಾರಾಗಿದ್ದಾನೆ ಎಂದು ತಿಳಿಯಿರಿ. ತರಲಿಲ್ಲವೆಂದರೆ ಹಣ ಉಳಿಯಿತು. ಎರಡರಲ್ಲೂ ಮನೆಗೆ ನಷ್ಟವಿಲ್ಲ.